ಮೂರನೇ ಜಾಮೀನು ಅರ್ಜಿ ಮತ್ತು ಆರ್ಡರ್ ಶೀಟ್

ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲನಾಗಿ ನಾನು ಜೈಲಿನಲ್ಲಿ ಭೇಟಿಯಾಗುವವರು ಬಹುತೇಕ ವಿಚಾರಣಾಧೀನ ಕೈದಿಗಳು. ಆರೋಪ ಸಾಬೀತಾಗಿಲ್ಲ, ಶಿಕ್ಷೆ ಆಗಿಲ್ಲ, ಆದರೂ ಒಳಗಿದ್ದಾರೆ. ಜಾಮೀನು ಅರ್ಜಿ ಒಮ್ಮೆ ವಜಾ ಆದರೆ ಮನೆಯವರು ಕೈಚೆಲ್ಲಿಬಿಡುತ್ತಾರೆ. ಮನೆಕಳ್ಳತನದ ಕೇಸೊಂದರಲ್ಲಿ ಒಳಗಿದ್ದ ಹುಡುಗನ ತಾಯಿ ಕೇಳಿದ್ದೂ ಇದನ್ನೇ: "ಎರಡು ಸಲ ಆಗಲ್ಲ ಅಂದ್ರಲ್ಲ ಸರ್, ಮತ್ತೆ ಹಾಕಿದ್ರೆ ಜಡ್ಜ್ ಸಾಹೇಬ್ರಿಗೆ ಸಿಟ್ಟು ಬರಲ್ವಾ?"

ಬರಲ್ಲಮ್ಮ, ಹೊಸದೇನಾದರೂ ಹೇಳಿದರೆ ಕೇಳುತ್ತಾರೆ ಎಂದೆ. ಇಷ್ಟೇ ಸಲ ಹಾಕಬೇಕು ಎಂಬ ಮಿತಿ ಕಾನೂನಿನಲ್ಲಿಲ್ಲ. ಆದರೆ ಹಳೇ ಅರ್ಜಿಯ ತಾರೀಖು ಬದಲಿಸಿ ಹಾಕಿದರೆ ಸುಮ್ನೆ ವ್ಯರ್ಥ. 2004ರ ಕಲ್ಯಾಣ್ ಚಂದ್ರ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ಮತ್ತೆ ಅರ್ಜಿ ಹಾಕಬಹುದು, ಆದರೆ ಹಿಂದೆ ಯಾಕೆ ವಜಾ ಆಯಿತು ಎಂಬುದನ್ನು ಕೋರ್ಟ್ ನೋಡಲೇಬೇಕು, ಈಗ ಕೊಡುವುದಾದರೆ ಹೊಸ ಕಾರಣ ಬರೆಯಬೇಕು. ಹಾಗಾಗಿ ನಾನು ಮೊದಲು ಓದುವುದು ವಜಾ ಆದ ಆದೇಶವನ್ನು. ಹಿಂದಿನ ಅರ್ಜಿಗಳ ವಿವರವನ್ನು ಹೊಸ ಅರ್ಜಿಯ ಮೊದಲ ಪುಟದಲ್ಲೇ ಬರೆಯುತ್ತೇನೆ. ಅದನ್ನು ಮುಚ್ಚಿಡುವಂತಿಲ್ಲ.

ಈ ಹುಡುಗನಿಗೆ ಮ್ಯಾಜಿಸ್ಟ್ರೇಟ್ ಕೋರ್ಟ್ ಕೊಟ್ಟ ಕಾರಣ, ತನಿಖೆ ಮುಗಿದಿಲ್ಲ. ಸೆಷನ್ಸ್ ಕೋರ್ಟಿಗೆ ಹೋಗುವ ಹೊತ್ತಿಗೆ ಚಾರ್ಜ್‌ಶೀಟ್ ಬಂದಿತ್ತು. ಅಲ್ಲಿ ಸಿಕ್ಕ ಉತ್ತರ, ಸಾಕ್ಷಿಗಳನ್ನು ಹೆದರಿಸಬಹುದು. ಆಮೇಲೆ ಹೊಸದೇನು ಆಗಿದೆ ಎಂದು ಹುಡುಕುತ್ತಾ ನಕಲು ಅರ್ಜಿ ಹಾಕಿ ಆರ್ಡರ್ ಶೀಟ್, ಅಂದರೆ ಪ್ರತಿ ವಾಯಿದೆಯ ದಿನ ಕೋರ್ಟಿನಲ್ಲಿ ಏನಾಯಿತು ಎಂದು ಬರೆದಿಡುವ ಹಾಳೆ, ತೆಗೆಸಿದೆ. ಓದುವುದಕ್ಕೇ ಸಂಕಟವಾಯಿತು. ಒಂದು ವಾಯಿದೆಗೆ "ಸಾಕ್ಷಿ ಗೈರು, ಸಮನ್ಸ್ ಮರುಜಾರಿ". ಇನ್ನೊಂದಕ್ಕೆ "ಆರೋಪಿಯನ್ನು ಹಾಜರುಪಡಿಸಿಲ್ಲ". ಮತ್ತೆ ಸಾಕ್ಷಿ ಗೈರು. ಪುಟ ತಿರುಗಿಸಿದರೂ ಅದೇ. ನಾವು ಸಮಯ ಕೇಳಿದ್ದು ಒಂದೇ ಒಂದು ಸಲವೂ ಇಲ್ಲ. ಪ್ರತಿ ವಾಯಿದೆಯ ಪಕ್ಕದಲ್ಲಿ ಅದು ಯಾರಿಂದ ಮುಂದಕ್ಕೆ ಹೋಯಿತು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ.

ಯಾಕೆಂದರೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 437(6) ಎಂಬ ಉಪಕಲಮಿತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 480(6). ಮ್ಯಾಜಿಸ್ಟ್ರೇಟ್ ವಿಚಾರಿಸುವ ಜಾಮೀನುರಹಿತ (ಅಂದರೆ ಜಾಮೀನು ಹಕ್ಕಾಗಿ ಸಿಗದ, ಕೋರ್ಟಿನ ವಿವೇಚನೆಗೆ ಬಿಟ್ಟ) ಕೇಸಿನಲ್ಲಿ, ಸಾಕ್ಷ್ಯಕ್ಕೆ ಇಟ್ಟ ಮೊದಲ ದಿನದಿಂದ 60 ದಿನದೊಳಗೆ ವಿಚಾರಣೆ ಮುಗಿಯದಿದ್ದರೆ, ಅಷ್ಟೂ ಕಾಲ ಒಳಗಿದ್ದ ಆರೋಪಿಯನ್ನು ಜಾಮೀನಿನ ಮೇಲೆ ಬಿಡಬೇಕು. ಬಿಡದಿದ್ದರೆ ಕಾರಣ ಬರೆಯಬೇಕು. ಇಷ್ಟು ಒಳ್ಳೆಯ ಕಲಮನ್ನು ನಾವು ವಕೀಲರು ಬಳಸುವುದು ಬಹಳ ಕಡಿಮೆ. ಗರಿಷ್ಠ ಶಿಕ್ಷೆಯ ಅರ್ಧ, ಮೊದಲ ಸಲದ ಆರೋಪಿಯಾದರೆ ಮೂರನೇ ಒಂದು ಭಾಗ ಕಳೆದಾಗ ಬಿಡುವ 479ನೇ ಕಲಮೂ ಇದೆ. ಆದರೆ 7 ವರ್ಷದ ಶಿಕ್ಷೆಯ ಆರೋಪಕ್ಕೆ ಆ ಮೂರನೇ ಒಂದು ಭಾಗದ ಲೆಕ್ಕವೇ 28 ತಿಂಗಳು. ಅಷ್ಟು ದಿನ ಯಾಕೆ ಕಾಯಬೇಕು?

ಮೂರನೇ ಅರ್ಜಿಯನ್ನು ಮತ್ತೆ ಮ್ಯಾಜಿಸ್ಟ್ರೇಟ್ ಮುಂದೆಯೇ ಹಾಕಿದೆ. ಜೊತೆಗೆ ವಾಯಿದೆಗಳ ಪಟ್ಟಿ, ಎಷ್ಟು ದಿನದಿಂದ ಒಳಗಿದ್ದಾನೆ ಎಂದು ಜೈಲಿನಿಂದ ತಂದ ಬಂಧನ ಪ್ರಮಾಣಪತ್ರ. ವಾದಕ್ಕೆ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಜಾಮೀನು ಸಿಕ್ಕಿತು.

ಆದರೂ ಹುಡುಗ ಹೊರಗೆ ಬರಲಿಲ್ಲ. ಇಬ್ಬರು ಜಾಮೀನುದಾರರು ಬೇಕು, ಪಹಣಿ ಬೇಕು ಎಂದಾಯಿತು. ಕೂಲಿ ಮಾಡುವ ತಾಯಿ ಪಹಣಿ ಎಲ್ಲಿಂದ ತರಬೇಕು? ಷರತ್ತು ಸಡಿಲಿಸಲು ಇನ್ನೊಂದು ಅರ್ಜಿ ಹಾಕಿದೆ. 1978ರ ಮೋತಿರಾಮ್ ತೀರ್ಪನ್ನು ಲಗತ್ತಿಸಿದೆ. ಗಾರೆ ಕೆಲಸದವನೊಬ್ಬನಿಗೆ 10,000 ರೂಪಾಯಿ ಜಾಮೀನು ಕೇಳಿ, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನ ಜಾಮೀನನ್ನೂ ಒಪ್ಪದಿದ್ದಾಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಕಟುವಾಗಿ ಖಂಡಿಸಿದ ಕೇಸು ಅದು. ಜಾಮೀನು ಸಿಕ್ಕು ಒಂದು ತಿಂಗಳಾದರೂ ಭದ್ರತೆ ಕೊಡಲಾಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಅದನ್ನೂ ಓದಿ ಹೇಳಿದೆ. ಜಾಮೀನುದಾರ ಒಬ್ಬರೇ ಸಾಕು ಎಂದಿತು ಕೋರ್ಟ್. ಊರಿನ ಪರಿಚಯದವರೊಬ್ಬರು ಪಹಣಿ ಹಿಡಿದು ಬಂದು ಸಹಿ ಹಾಕಿದರು.