ರಾತ್ರಿ ಪಾಳಿಗೆ ಆಯಾ ಬೇಕೇ? ಹೀಗೆ ಹುಡುಕಿ

ಬಾಣಂತನಕ್ಕೆ ತವರಿಗೆ ಹೋಗುವುದು ಈಗ ಎಲ್ಲರಿಗೂ ಕೂಡಿ ಬರುವುದಿಲ್ಲ. ಅಮ್ಮನಿಗೆ ಮಂಡಿನೋವು, ಅತ್ತೆಗೆ ಶುಗರ್, ಗಂಡನಿಗೆ ಸಿಕ್ಕ ರಜೆ ಎರಡೇ ವಾರ. ಹಗಲು ಹೇಗೋ ಕಳೆಯುತ್ತದೆ, ಕಷ್ಟ ಇರುವುದು ರಾತ್ರಿಯಲ್ಲಿ. ಹಸುಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ, ಅದರಲ್ಲಿ ಮೂರ್ನಾಲ್ಕು ಸಲ ನಡುರಾತ್ರಿಗೇ ಬೀಳುತ್ತದೆ. ಬೆಂಗಳೂರಿನಲ್ಲಿ ರಾತ್ರಿ ಆಯಾಗಳನ್ನು ಕಳಿಸುವ ಏಜೆನ್ಸಿಗಳು ಬೇಕಾದಷ್ಟಿವೆ. ಆದರೆ ಅವರಿಗೆ ಫೋನ್ ಮಾಡುವ ಮೊದಲು ಮನೆಯಲ್ಲೇ ಮಾಡಿಕೊಳ್ಳುವ ಕೆಲಸ ಒಂದಿದೆ.

ಏನು ಕೆಲಸ, ಮೊದಲು ಗೊತ್ತು ಮಾಡಿಕೊಳ್ಳಿ

ಆಯಾ ಬಂದರೆ ತಾಯಿ ಬೆಳಗಿನ ತನಕ ನಿದ್ದೆ ಹೊಡೆಯಬಹುದು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಎದೆಹಾಲು ಕುಡಿಸುವ ಮನೆಯಲ್ಲಿ ಹಾಗಾಗುವುದಿಲ್ಲ. ಹಾಲು ತಯಾರಾಗಲು ಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೊತ್ತೇ ಜಾಸ್ತಿ. ಮೊದಲ ತಿಂಗಳಲ್ಲಿ ರಾತ್ರಿ ಹಾಲು ಕೊಡುವುದನ್ನು ಬಿಟ್ಟರೆ ಹಾಲು ಕಡಿಮೆಯಾಗಬಹುದು, ಎದೆ ಕಟ್ಟಿಕೊಂಡು ಜ್ವರವೂ ಬರಬಹುದು.

ಹಾಗಾದರೆ ಆಯಾ ಯಾಕೆ? ಹಾಲು ಬಿಟ್ಟು ಉಳಿದದ್ದೆಲ್ಲ ಅವರ ಕೆಲಸ. ಮಗು ಕದಲಿದಾಗ ಎತ್ತಿ ತಾಯಿಯ ಮಗ್ಗುಲಿಗೆ ತಂದುಕೊಡಬೇಕು. ಕುಡಿದ ಮೇಲೆ ತೇಗು ಬರಿಸಬೇಕು, ಬಟ್ಟೆ ಬದಲಿಸಬೇಕು, ತೂಗಿ ಮಲಗಿಸಬೇಕು. ತಾಯಿ ಎಚ್ಚರ ಇರುವುದು ಹಾಲಿನ ಅರ್ಧ ಗಂಟೆ ಮಾತ್ರ. ಆಮೇಲಿನ ಒಂದು ಗಂಟೆಯ ರಗಳೆ ತಾಯಿಗಿಲ್ಲ. ನೀವು ದುಡ್ಡು ಕೊಡುವುದು ಆ ಒಂದು ಗಂಟೆಗೆ. ಇದು ಮನೆಯವರಿಗೆಲ್ಲ ಮೊದಲೇ ತಿಳಿದಿದ್ದರೆ, "ಆಯಾ ಇದ್ದರೂ ನೀನ್ಯಾಕೆ ಎದ್ದೆ?" ಅನ್ನುವ ಮಾತು ಬರುವುದಿಲ್ಲ.

ಹಾಲು ಹಿಂಡಿಟ್ಟು ಒಂದು ಸರದಿ ಆಯಾಗೆ ಬಿಡಬೇಕು ಅಂತಿದ್ದರೆ, ಮಗು ಎದೆಗೆ ಚೆನ್ನಾಗಿ ಒಗ್ಗಿಕೊಂಡ ಮೇಲೆ ಶುರು ಮಾಡಿ. ಹಿಂಡಿದ ಹಾಲು 25 ಡಿಗ್ರಿವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಏಪ್ರಿಲ್ ಸೆಕೆಯಲ್ಲಿ ಹೊರಗಿಡುವ ಮಾತೇ ಬೇಡ. ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಬೇಕು, ಮೈಕ್ರೋವೇವ್ ಆಗದು. ಬಾಟಲಿಗಿಂತ ಒಳಲೆಯೇ ವಾಸಿ. ತೊಳೆಯುವುದು ಸುಲಭ, ಮಗುವಿಗೆ ಬಾಟಲಿಯ ಚಟವೂ ಹತ್ತುವುದಿಲ್ಲ.

ಎಲ್ಲಿ ಹುಡುಕುವುದು

ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪು, ಹೆರಿಗೆಯಾದ ಆಸ್ಪತ್ರೆಯ ವಾರ್ಡಿನ ನರ್ಸ್, ಇತ್ತೀಚೆಗೆ ಬಾಣಂತನ ಮುಗಿಸಿದ ಪರಿಚಯದವರು: ಮೊದಲು ಇಲ್ಲಿ ಕೇಳಿ. ಏಜೆನ್ಸಿ ಆಮೇಲೆ. ಏಜೆನ್ಸಿಗೆ ಹೋದರೆ ಮೂರು ವಿಷಯ ಬರವಣಿಗೆಯಲ್ಲಿ ಇರಲಿ: ಕಮಿಷನ್ ಎಷ್ಟು, ಸಂಬಳದಲ್ಲಿ ಆಯಾ ಕೈಗೆ ಸೇರುವುದೆಷ್ಟು, ಹೊಂದಿಕೆಯಾಗದಿದ್ದರೆ ಎಷ್ಟು ದಿನದಲ್ಲಿ ಬೇರೆಯವರನ್ನು ಕಳಿಸುತ್ತಾರೆ. ಎರಡನೆಯದನ್ನು ಕೇಳಿದಾಗ ಕೆಲವರು ತಡವರಿಸುತ್ತಾರೆ. ಅಂಥ ಕಡೆ ಅಡ್ವಾನ್ಸ್ ಕಟ್ಟಬೇಡಿ.

ಆಧಾರ್ ಪ್ರತಿ ತೆಗೆದುಕೊಳ್ಳಿ, ವಯಸ್ಸು 18 ದಾಟಿದೆಯೇ ನೋಡಿ. ಪೊಲೀಸ್ ಪರಿಶೀಲನೆಗೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಹಿಂದೆ ಕೆಲಸ ಮಾಡಿದ ಮನೆಯವರಿಗೆ ತಪ್ಪದೆ ಫೋನ್ ಮಾಡಿ. "ಹೇಗೆ, ಒಳ್ಳೆಯವರಾ?" ಅಂತ ಕೇಳಿದರೆ "ಹೂಂ, ಪರವಾಗಿಲ್ಲ" ಅನ್ನುವ ಉತ್ತರವೇ ಬರುವುದು. "ರಾತ್ರಿ ಎರಡು ಗಂಟೆಗೆ ನೀವು ಹೇಳದೆ ಹೋಗಿ ನೋಡಿದಾಗ ಏನು ಮಾಡ್ತಿದ್ರು?" ಅಂತ ಕೇಳಿ. ಆಗ ವಿಷಯ ಹೊರಬರುತ್ತದೆ.

ಆಯಾಗೆ ಕೆಮ್ಮು ಇದ್ದರೆ ಎದೆಯ ಎಕ್ಸ್‌ರೇ ಮಾಡಿಸಿ, ಖರ್ಚು ನಿಮ್ಮದೇ ಇರಲಿ. ಅವರಿಗೆ ನಾಯಿಕೆಮ್ಮು ಮತ್ತು ಫ್ಲೂ ಲಸಿಕೆ ಹಾಕಿಸುವ ಬಗ್ಗೆ ಮಗುವಿನ ಡಾಕ್ಟರ ಹತ್ತಿರ ಮಾತಾಡಿ. ಅದು ಮನೆಮಂದಿಗೂ ಬೇಕಾದದ್ದೇ.

ಮಾತಿಗಿಂತ ಕೈ ನೋಡಿ

ಸಂದರ್ಶನಕ್ಕೆ ಬಂದವರನ್ನು ಸೋಫಾ ಮೇಲೆ ಕೂರಿಸಿ ಪ್ರಶ್ನೆ ಕೇಳಿದರೆ ಏನೂ ಗೊತ್ತಾಗುವುದಿಲ್ಲ. ಮಗುವಿನ ಬಟ್ಟೆ ಬದಲಿಸಲು ಹೇಳಿ, ಸುಮ್ನೆ ಪಕ್ಕದಲ್ಲಿ ನಿಲ್ಲಿ. ಹೇಳಿಸಿಕೊಳ್ಳದೆ ಕೈ ತೊಳೆದರೇ? ಗಾಜಿನ ಬಳೆ ಮೇಲಕ್ಕೆ ಸರಿಸಿಕೊಂಡರೇ, ಉಗುರು ಕತ್ತರಿಸಿದೆಯೇ? ಎತ್ತುವಾಗ ಒಂದು ಅಂಗೈ ಕತ್ತಿನ ಕೆಳಗೆ ಹೋಯಿತೇ? ಹೆಣ್ಣುಮಗುವಾದರೆ ಮುಂದಿನಿಂದ ಹಿಂದಕ್ಕೆ ಒರೆಸಿದರೇ? ಒಣಬಟ್ಟೆ ಎಟುಕಲಿಲ್ಲ ಅಂತ ಮಗುವನ್ನು ಮಂಚದ ಮೇಲೆ ಒಂಟಿಯಾಗಿ ಬಿಟ್ಟು ಹೋದರೇ? ಐದು ನಿಮಿಷ ಸಾಕು.

ಇಷ್ಟವಾದರೂ ತಿಂಗಳಿಗೆ ಒಪ್ಪಿಕೊಳ್ಳುವ ಮೊದಲು ಒಂದೆರಡು ರಾತ್ರಿ ಬಂದು ಹೋಗಲಿ. ಆ ರಾತ್ರಿಗಳಿಗೂ ಪೂರ್ತಿ ಕೂಲಿ ಕೊಡಿ.

ನಿಯಮಗಳು

ಮಗುವನ್ನು ಬೆನ್ನಿನ ಮೇಲೆ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಮಲಗಿಸಬೇಕು. ತಲೆದಿಂಬು, ಗೊಂಬೆ, ದಪ್ಪ ರಜಾಯಿ ಯಾವುದೂ ಹತ್ತಿರ ಇರಬಾರದು. ಎದೆ ಮೇಲೆ ಮಲಗಿಸಿಕೊಂಡು ಸೋಫಾದಲ್ಲಿ ತೂಕಡಿಸುವುದಂತೂ ಖಂಡಿತ ಕೂಡದು. ಮಗುವಿಗೆ ಉಸಿರು ಕಟ್ಟುವ ಅಪಾಯ ಅಲ್ಲೇ ಜಾಸ್ತಿ. ತೊಟ್ಟಿಲ ಹತ್ತಿರ ಲೋಬಾನದ ಹೊಗೆ ಬೇಡ.

ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರು ಕೂಡ. ಡಾಕ್ಟರು ಬರೆದ ಹನಿ ಔಷಧಿ ಮಾತ್ರ ಇದಕ್ಕೆ ಹೊರತು. ಗ್ರೈಪ್ ವಾಟರ್, ಬಜೆ ತೇಯ್ದು ನೆಕ್ಕಿಸುವುದು, ಜೇನು, ಎಲ್ಲಕ್ಕೂ ಕೈಮುಗಿಯಿರಿ. ಜೇನಿನಿಂದ ಒಂದು ವರ್ಷದ ಒಳಗಿನ ಮಕ್ಕಳಿಗೆ ಬೊಟುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು. ನಿದ್ದೆ ಬರಲಿ ಅಂತ ನೆಗಡಿ ಸಿರಪ್ ಕುಡಿಸುವ ಕೆಟ್ಟ ಅಭ್ಯಾಸವೂ ಕೆಲವರಿಗಿದೆ. ಮನೆಯ ಔಷಧಿ ಡಬ್ಬಿ ಬೇರೆ ಕೋಣೆಗೆ ಹೋಗಲಿ. ಇಲ್ಲಿ ಅಜ್ಜಿಗೂ ಆಯಾಗೂ ಜಟಾಪಟಿ ಆಗುವುದುಂಟು. ಕೊನೆಯ ಮಾತು ಯಾರದು ಅಂತ ಅಜ್ಜಿಯ ಎದುರಿಗೇ ಹೇಳಿಬಿಡಿ. ಅದನ್ನು ಅವರ ಸ್ವಂತ ಮಗನೋ ಮಗಳೋ ಹೇಳಿದರೆ ಒಳ್ಳೆಯದು.

ತೊಟ್ಟಿಲ ಬಳಿ ಒಂದು ನೋಟ್‌ಬುಕ್ ಇಡಿ. "1.40 ಹಾಲು, ಎಡಗಡೆ. ತೇಗು ಬಂತು. 2.10 ಒದ್ದೆ. 2.30 ಮಲಗಿತು." ಇಷ್ಟು ಬರೆದರೆ ಸಾಕು. ಓದು ಬಾರದವರಾದರೆ ಹಾಲಿಗೆ ಸೊನ್ನೆ, ಉಚ್ಚೆಗೆ ಗೀಟು. ಐದನೇ ದಿನದ ನಂತರ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡಬೇಕು. ಹಾಲು ಸಾಲುತ್ತಿದೆಯೇ ಅನ್ನುವುದಕ್ಕೆ ಅದೇ ಲೆಕ್ಕ.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಮಗು ಹಾಲು ಬಿಟ್ಟರೆ, ಉಸಿರಾಡುವಾಗ ಪಕ್ಕೆ ಒಳಗೆ ಸೆಳೆದರೆ, ಮೈ ನೀಲಿಯಾದರೆ ತಕ್ಷಣ ನಿಮ್ಮನ್ನು ಎಬ್ಬಿಸಬೇಕು. "ಮಲಗಿದ್ರಲ್ಲ, ಪಾಪ ಅಂತ ಬಿಟ್ಟೆ" ಅನ್ನುವಂತಾಗಬಾರದು. 108 ನಂಬರನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ.

ಅವರ ಕಡೆಯ ಲೆಕ್ಕ

ಮನೆಗೆಲಸಕ್ಕೆ 2004ರಲ್ಲೇ ಕನಿಷ್ಠ ಕೂಲಿ ಗೊತ್ತು ಮಾಡಿದ ರಾಜ್ಯ ನಮ್ಮದು. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು ಅಂದರೆ ಹನ್ನೆರಡು ಗಂಟೆ ಕೆಲಸ. ಅಂಥವರಿಗೆ ಬೆಳಿಗ್ಗೆ ಪಾತ್ರೆ, ಕಸಬರಿಕೆ ತೋರಿಸಬೇಡಿ. ಹಗಲೂ ಇನ್ನೊಂದು ಮನೆಯಲ್ಲಿ ಕೆಲಸ ಮಾಡಿ ಬರುವವರು ರಾತ್ರಿ ಎಚ್ಚರ ಇರಲಾರರು. ಅದನ್ನು ಮೊದಲೇ ಕೇಳಿ. ಊಟ, ನಡುರಾತ್ರಿಯ ಒಂದು ಲೋಟ ಟೀ, ವಾರಕ್ಕೊಂದು ರಜೆ, ಬಸ್ ಸಿಗದ ಹೊತ್ತಿಗೆ ಆಟೊ ಖರ್ಚು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಕ್ಯಾಮೆರಾ ಇದ್ದರೆ ಎಲ್ಲಿದೆ ಅಂತ ಹೇಳಿ. ಅವರು ಬಟ್ಟೆ ಬದಲಿಸುವ ಕೋಣೆಯಲ್ಲಿ ಕ್ಯಾಮೆರಾ ಇರಕೂಡದು.

ಆಯಾ ಬಂದ ಮೇಲೂ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಹತ್ತುತ್ತಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತಿದೆ ಅಂದರೆ ಅದು ಬರೀ ದಣಿವಲ್ಲದಿರಬಹುದು. ಡಾಕ್ಟರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮೂರು-ನಾಲ್ಕು ತಿಂಗಳ ಹೊತ್ತಿಗೆ ಎಷ್ಟೋ ಮಕ್ಕಳು ರಾತ್ರಿ ಒಂದೇ ಸಮನೆ ಹೆಚ್ಚು ಹೊತ್ತು ಮಲಗತೊಡಗುತ್ತವೆ. ಆಗ ಆಯಾ ವಾರಕ್ಕೆ ಮೂರು ರಾತ್ರಿ ಬಂದರೆ ಸಾಕು, ಆಮೇಲೆ ನಿಲ್ಲಿಸಬಹುದು. ಎರಡು ವಾರ ಮೊದಲೇ ತಿಳಿಸಿ, ಅವರೂ ಮುಂದಿನ ಮನೆ ಹುಡುಕಿಕೊಳ್ಳಬೇಕಲ್ವಾ?