ಸಿದ್ದಾಪುರದ ಕಂಪ್ಯೂಟರ್ ಬೆಂಗಳೂರಿನಿಂದ ನಡೆಸುವುದು ಹೇಗೆ?

ತೋಟದ ಲೆಕ್ಕವೆಲ್ಲ ಕೊಡಗಿನ ಸಿದ್ದಾಪುರದ ಮನೆಯ ಕಂಪ್ಯೂಟರಿನಲ್ಲಿದೆ. ನೀವು ಬೆಂಗಳೂರಿನಲ್ಲಿದ್ದೀರಿ. ಚೆಕ್‌ರೋಲ್ (ಕೆಲಸಗಾರರ ಹಾಜರಿ, ಕೂಲಿಯ ಲೆಕ್ಕ) ಫೈಲ್ ಈಗಲೇ ಬೇಕು. ತೋಟದ ಲೆಕ್ಕ ಬರೆಯುವ ರೈಟರ್‌ಗೆ ಫೋನ್ ಮಾಡಿ "ಅದಲ್ಲ, ಪಕ್ಕದ ಫೋಲ್ಡರ್ ನೋಡಿ" ಎನ್ನುತ್ತಾ ಕೂರಬೇಕಾಗಿಲ್ಲ. ಆ ಕಂಪ್ಯೂಟರನ್ನೇ ಇಲ್ಲಿಂದ ನಡೆಸಬಹುದು. ಸಾಫ್ಟ್‌ವೇರ್ ಹಾಕುವುದು ಸುಲಭ. ಕೊಡಗಿನಲ್ಲಿ ತಲೆನೋವು ಇರುವುದು ಕರೆಂಟಿನದು.

ವಿಂಡೋಸ್‌ನಲ್ಲೇ ರಿಮೋಟ್ ಡೆಸ್ಕ್‌ಟಾಪ್ ಇದೆ ಅಲ್ವಾ? ಇದೆ. ಆದರೆ ಮನೆಯ ಕಂಪ್ಯೂಟರಿನಲ್ಲಿ ಪ್ರೊ ಆವೃತ್ತಿ ಇರಬೇಕು. ಹೋಮ್ ಆವೃತ್ತಿಯಿಂದ ಬೇರೆ ಕಂಪ್ಯೂಟರಿಗೆ ಹೋಗಬಹುದು, ಅದರೊಳಗೆ ಬರಲಾಗದು. ಪ್ರೊ ಇದ್ದರೂ ರೌಟರ್‌ನಲ್ಲಿ ಅದು ಬಳಸುವ 3389 ಪೋರ್ಟ್ ತೆರೆದಿಡಬೇಡಿ. ತೆರೆದ ಆ ಬಾಗಿಲನ್ನು ಹ್ಯಾಕರ್‌ಗಳು ಹಗಲೂ ರಾತ್ರಿ ಹುಡುಕುತ್ತಿರುತ್ತಾರೆ.

ಮನೆ ಬಳಕೆಗೆ ನನ್ನ ಆಯ್ಕೆ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್. ಇದಕ್ಕೆ ದುಡ್ಡು ಕೊಡಬೇಕಿಲ್ಲ, ರೌಟರ್ ಮುಟ್ಟಬೇಕಿಲ್ಲ. ಊರಿಗೆ ಹೋದಾಗ ಹೀಗೆ ಮಾಡಿ:

1. ಮೊದಲು ನಿಮ್ಮ ಗೂಗಲ್ ಖಾತೆಗೆ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಖಚಿತಪಡಿಸುವಿಕೆ) ಹಾಕಿಕೊಳ್ಳಿ. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

2. ಮನೆಯ ಕಂಪ್ಯೂಟರಿನ ಕ್ರೋಮ್‌ನಲ್ಲಿ ಅದೇ ಖಾತೆಯಿಂದ ಲಾಗಿನ್ ಆಗಿ, ರಿಮೋಟ್‌ಡೆಸ್ಕ್‌ಟಾಪ್ ಡಾಟ್ ಗೂಗಲ್ ಡಾಟ್ ಕಾಮ್ ತೆರೆಯಿರಿ. ರಿಮೋಟ್ ಆಕ್ಸೆಸ್ ಭಾಗದಲ್ಲಿ ಡೌನ್‌ಲೋಡ್ ಒತ್ತಿ ಇನ್‌ಸ್ಟಾಲ್ ಮಾಡಿ.

3. ಕಂಪ್ಯೂಟರಿಗೆ ಒಂದು ಹೆಸರು, ಕನಿಷ್ಠ 6 ಅಂಕಿಯ ಪಿನ್ ಕೊಡಿ. ಹುಟ್ಟಿದ ದಿನಾಂಕ ಬೇಡ.

4. ಬೆಂಗಳೂರಿನಲ್ಲಿ ಅದೇ ಖಾತೆಯಿಂದ ಅದೇ ತಾಣಕ್ಕೆ ಹೋಗಿ, ಹೆಸರು ಒತ್ತಿ, ಪಿನ್ ಹಾಕಿ. ಮೊಬೈಲ್‌ನಿಂದಲೂ ಆಗುತ್ತದೆ.

ನೀವು ಮಾಡುವುದೆಲ್ಲ ಸಾಮಾನ್ಯವಾಗಿ ಮನೆಯ ಪರದೆಯ ಮೇಲೂ ಕಾಣುತ್ತದೆ. ಬ್ಯಾಂಕ್ ಕೆಲಸಕ್ಕೆ ಇದನ್ನು ಬಳಸಬೇಡಿ.

ಇನ್ನು ಕರೆಂಟು. ಜೂನ್‌ನಿಂದ ಮರ ಬಿದ್ದು ಲೈನ್ ಹೋಗುವುದು ಊರಿನಲ್ಲಿ ಹೊಸದೇನಲ್ಲ. ಕಂಪ್ಯೂಟರ್ ಆಫ್ ಆಗಿದ್ದರೆ ಯಾವ ಸಾಫ್ಟ್‌ವೇರೂ ಕೈಹಿಡಿಯದು. ಮೊದಲು ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಅನ್ನು 'ನೆವರ್' ಮಾಡಿ. ಪರದೆ ಆಫ್ ಆದರೆ ತೊಂದರೆಯಿಲ್ಲ. ಲ್ಯಾಪ್‌ಟಾಪ್ ಆದರೆ, ಮುಚ್ಚಿದಾಗ ಏನೂ ಮಾಡಬಾರದು ಎಂದೂ ಹೊಂದಿಸಿ.

ಡೆಸ್ಕ್‌ಟಾಪ್‌ಗೆ ಇನ್ನೊಂದು ಕೆಲಸವಿದೆ. ಆನ್ ಮಾಡುತ್ತಿದ್ದಂತೆ ಎಫ್2 ಅಥವಾ ಡಿಲೀಟ್ ಕೀ ಒತ್ತಿ ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆ) ಹೋಗಿ. 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಅಥವಾ ಅಂಥದೇ ಹೆಸರಿನ ಸಾಲು ಹುಡುಕಿ, 'ಪವರ್ ಆನ್' ಎಂದು ಬದಲಿಸಿ. ಕರೆಂಟು ಬಂದ ಕೂಡಲೇ ಕಂಪ್ಯೂಟರ್ ತಾನೇ ಎದ್ದುಕೊಳ್ಳುತ್ತದೆ. ಆದರೆ ಮಳೆಗಾಲದಲ್ಲಿ ಕರೆಂಟು ಬಂದು, ಹೋಗಿ, ಮತ್ತೆ ಬರುವುದೇ ಜಾಸ್ತಿ. ಯುಪಿಎಸ್ ಇಲ್ಲದೆ ಇದನ್ನು ಮಾಡಿದರೆ ಹಾರ್ಡ್ ಡಿಸ್ಕ್‌ಗೆ ಪೆಟ್ಟು.

ಜನ ಮರೆಯುವುದು ರೌಟರ್ ಮತ್ತು ಫೈಬರ್ ಪೆಟ್ಟಿಗೆ. ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿ. ಅದಿಲ್ಲದಿದ್ದರೆ ಮಿನಿ ಯುಪಿಎಸ್ ಸಿಗುತ್ತದೆ. ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ನೋಡಿಯೇ ಕೊಳ್ಳಿ. ಸಂದೇಶ ಕಳಿಸಿ ಕಂಪ್ಯೂಟರ್ ಎಬ್ಬಿಸುವ ವೇಕ್-ಆನ್-ಲ್ಯಾನ್ ಸಾಕಲ್ಲವೇ ಎನ್ನುವವರಿದ್ದಾರೆ. ಆದರೆ ಅದರ ಸಂದೇಶ ಓಡಾಡುವುದು ಮನೆಯ ನೆಟ್‌ವರ್ಕಿನೊಳಗೆ. ದೂರದಿಂದ ಬಳಸಲು ಮನೆಯಲ್ಲಿ ಇನ್ನೊಂದು ಸಾಧನ ಎಚ್ಚರವಾಗಿರಬೇಕು. ಅಷ್ಟು ರಗಳೆ ಬೇಡ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಅಮ್ಮ ಪ್ಲಗ್ ಕಿತ್ತಿಟ್ಟರೆ ಸುಮ್ನೆ ಬಿಟ್ಟುಬಿಡಿ, ಅವರು ಮಾಡಿದ್ದೇ ಸರಿ.

ಒಂದೇ ಸಲದ ಸಹಾಯಕ್ಕೆ ಇಷ್ಟೆಲ್ಲ ಬೇಕಿಲ್ಲ. ವಿಂಡೋಸ್‌ನ ಕ್ವಿಕ್ ಅಸಿಸ್ಟ್ ಸಾಕು. ನೀವು ಕೋಡ್ ಹೇಳುತ್ತೀರಿ, ಅಪ್ಪ ಅದನ್ನು ಹಾಕಿ 'ಅಲೋ' ಒತ್ತುತ್ತಾರೆ. ವಂಚಕರು ಮಾಡಿಸುವುದೂ ಇಂಥದ್ದನ್ನೇ. ಎನಿಡೆಸ್ಕ್ ಎಂಬ ಇಂಥದೇ ಆ್ಯಪ್ ಹಾಕಿಸಿ ದುಡ್ಡು ದೋಚುವವರ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಹಾಗಾಗಿ ಮನೆಯವರಿಗೆ ಹೇಳಿಡಿ: ಬ್ಯಾಂಕಿನವರು, ಕಂಪ್ಯೂಟರ್ ಕಂಪನಿಯವರು ಎಂದು ಯಾರೇ ಫೋನ್ ಮಾಡಿ ಕೋಡ್ ಹಾಕಿಸಿದರೂ ಕಟ್ ಮಾಡಿ. ಈಗಾಗಲೇ ಹಾಕಿಬಿಟ್ಟಿದ್ದರೆ ರೌಟರ್ ಸ್ವಿಚ್ ಆರಿಸಿ, ಬ್ಯಾಂಕಿಗೆ ತಿಳಿಸಿ, ಆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.