ಕಾರ್ಡನ್ನು ಕೊನೆಗೆ ತಗೊಂಡೆ

ಕಂಪ್ಯೂಟರ್ ಜೋಡಿಸಿ ನಾಲ್ಕು ತಿಂಗಳು, ಗೇಮಿನ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಕೂತಿದ್ದೆ. ಗೇಮ್ ಆಡೋಕೆ ಅಂತಲೇ ಪಿಸಿ ಕಟ್ಟಿ, ಅದರಲ್ಲಿ ಕಾರ್ಡೇ ಇಲ್ಲ ಅಂದರೆ ಯಾರಾದರೂ ನಗುತ್ತಾರೆ. ನಕ್ಕರು ಕೂಡ. ಮದುವೆ ಮಂಟಪ ರೆಡಿ, ಹುಡುಗಿ ಇನ್ನೂ ಸಿಕ್ಕಿಲ್ಲ ಅಂದ ನನ್ನ ಗೆಳೆಯ.

ಅದು 2025ರ ಏಪ್ರಿಲ್. ದುಡ್ಡು ಎರಡು ಕಂತಿನಲ್ಲಿ ಬರುವುದಿತ್ತು. ಮೊದಲ ಕಂತಿನಲ್ಲಿ ಕಾರ್ಡ್ ಬಿಟ್ಟು ಉಳಿದದ್ದೆಲ್ಲ ಬಂತು. ಪ್ರೊಸೆಸರ್ ರೈಜೆನ್ 5 7600. ಅದರೊಳಗೇ ಸಣ್ಣದೊಂದು ಗ್ರಾಫಿಕ್ಸ್ ಇದೆ, ಹಾಗಾಗಿ ಕಾರ್ಡ್ ಇಲ್ಲದಿದ್ದರೂ ಪರದೆ ಮೇಲೆ ಚಿತ್ರ ಬರುತ್ತದೆ. ಇದನ್ನು ನೋಡಿಕೊಂಡೇ ತಗೊಂಡಿದ್ದೆ. ಅದರ ತಮ್ಮ 7500ಎಫ್ ಸ್ವಲ್ಪ ಅಗ್ಗ, ಆದರೆ ಅದರಲ್ಲಿ ಈ ಗ್ರಾಫಿಕ್ಸ್ ಇಲ್ಲ. ಹೆಸರಿನ ಕೊನೆಯ ಎಫ್ ಅಕ್ಷರದ ಅರ್ಥವೇ ಅದು. ಅದನ್ನು ತಂದಿದ್ದರೆ ನಾಲ್ಕು ತಿಂಗಳು ಕಪ್ಪು ಪರದೆಯನ್ನು ನೋಡುತ್ತಾ ಕೂರಬೇಕಿತ್ತು.

ಕಾಯೋದಕ್ಕೆ ಇನ್ನೊಂದು ಕಾರಣವೂ ಇತ್ತು. ಹೊಸ ಕಾರ್ಡುಗಳು ಬರುವ ಹೊತ್ತು ಅದು. ಎನ್ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಆ ಏಪ್ರಿಲ್‌ನಲ್ಲೇ ಬಂತು, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಜೂನ್‌ನಲ್ಲಿ. ಬಂದ ವಾರ ಬೆಲೆ ಮೇಲಿರುತ್ತದೆ, ಎರಡು ತಿಂಗಳು ಬಿಟ್ಟರೆ ಒಂದಿಷ್ಟು ಇಳಿಯುತ್ತದೆ ಅನ್ನೋ ಲೆಕ್ಕ ನನ್ನದು.

ಆ ನಡುವೆ ಮಾನಿಟರ್ ತಗೊಂಡೆ. 27 ಇಂಚು, 1440ಪಿ, 165 ಹರ್ಟ್ಜ್, ಅಂದರೆ ಸೆಕೆಂಡಿಗೆ 165 ಸಲ ಚಿತ್ರ ಬದಲಿಸಬಲ್ಲದು. ನಿಜ ಹೇಳಬೇಕಂದ್ರೆ ಆಫೀಸ್ ಕೆಲಸಕ್ಕೆ ಅಕ್ಷರ ಚೆನ್ನಾಗಿ ಕಾಣಲಿ ಅಂತ ತಗೊಂಡಿದ್ದು. ಆದರೆ ಕಾರ್ಡಿನ ವಿಷಯವನ್ನು ಅರ್ಧ ತೀರ್ಮಾನ ಮಾಡಿದ್ದು ಅದೇ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳು. 1440ಪಿಯಲ್ಲಿ 36.9 ಲಕ್ಷ. ಪ್ರತಿ ಫ್ರೇಮಿಗೂ, ಅಂದರೆ ಪ್ರತಿ ಚಿತ್ರಕ್ಕೂ, ಕಾರ್ಡ್ ಅಷ್ಟನ್ನೂ ಬಣ್ಣ ಹಚ್ಚಿ ಮುಗಿಸಬೇಕು. ಸೆಕೆಂಡಿಗೆ 60 ಫ್ರೇಮ್ ಬೇಕಂದರೆ ಒಂದು ಫ್ರೇಮಿಗೆ ಸಿಗೋದು 16.7 ಮಿಲಿಸೆಕೆಂಡ್ ಮಾತ್ರ. ನನ್ನ ಹಳೆಯ 1080ಪಿ ಮಾನಿಟರ್ ಇಟ್ಟುಕೊಂಡಿದ್ದರೆ ಇನ್ನೂ ಕಡಿಮೆ ದುಡ್ಡಿನ ಕಾರ್ಡ್ ಧಾರಾಳವಾಗಿ ಸಾಕಿತ್ತು. ನಾನು ಮೊದಲು ಕಾರ್ಡ್ ತಂದಿದ್ದರೆ ಖಂಡಿತ 8 ಜಿಬಿ ಮೆಮೊರಿಯದ್ದನ್ನೇ ತರುತ್ತಿದ್ದೆ.

ಈ 8 ಜಿಬಿ ವಿಷಯ ನನಗೆ ಅಂಕಿಗಳಿಂದ ಅರ್ಥವಾಗಲಿಲ್ಲ. ಅದೇ ನಗುತ್ತಿದ್ದ ಗೆಳೆಯನ ಮನೆಯಲ್ಲಿ ಅರ್ಥವಾಯಿತು. ಅವನದ್ದು 8 ಜಿಬಿ ಕಾರ್ಡ್, ಪರದೆ ನನ್ನ ಥರದ್ದೇ. ಗೇಮಿನಲ್ಲಿ ಒಂದು ಬೀದಿಯೊಳಗೆ ತಿರುಗಿದ. ಗೋಡೆ ಮೇಲಿನ ಪೋಸ್ಟರ್ ನೆನೆದ ಪೇಪರ್ ಥರ ಮಸುಕಾಗಿತ್ತು. ಹತ್ತಿರ ಹೋಗಿ ನಿಂತ. ಒಂದು, ಎರಡು, ಮೂರು ಎಣಿಸಿದ ಮೇಲೆ ಅಕ್ಷರ ಮೂಡಿತು. ಹಿಂದಕ್ಕೆ ತಿರುಗಿದಾಗ ಚಿತ್ರ ಒಮ್ಮೆ ಗಕ್ಕನೆ ನಿಂತು ಮುಂದೆ ಹೋಯಿತು. ಮೂಲೆಯಲ್ಲಿ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋ ಅಂಕಿ, ಮಾತ್ರ 75 ಅಂತ ತೋರಿಸುತ್ತಲೇ ಇತ್ತು. ‘ನೋಡು, 75 ಇದೆ’ ಅಂದ ಅವನು. ಇತ್ತು, ಸರಿ. ಆದರೆ ನನ್ನ ಕಣ್ಣು ಆ ಪೋಸ್ಟರ್ ಮೇಲೇ ಇತ್ತು.

ಆಗೋದು ಇಷ್ಟೇ. ಗೋಡೆ, ಬಟ್ಟೆ, ಮುಖ, ಇವುಗಳ ಮೇಲೆ ಹೊದಿಸುವ ಚಿತ್ರಗಳೆಲ್ಲ ಕಾರ್ಡಿನ ಮೆಮೊರಿಯಲ್ಲಿ ಕೂತಿರಬೇಕು. ಜಾಗ ತುಂಬಿದರೆ ಕೆಲವನ್ನು ಕಂಪ್ಯೂಟರಿನ ರ್‍ಯಾಮಿನಲ್ಲಿಟ್ಟು, ಬೇಕಾದಾಗ ಮದರ್‌ಬೋರ್ಡ್ ದಾಟಿಸಿ ತರಿಸಬೇಕು. ಅಡುಗೆಮನೆಯಲ್ಲಿ ಜಾಗ ಇಲ್ಲ ಅಂತ ಸಾಸಿವೆ ಡಬ್ಬಿ ಅಟ್ಟದ ಮೇಲಿಟ್ಟ ಹಾಗೆ. ಒಗ್ಗರಣೆ ಎಣ್ಣೆ ಕಾದಾಗಲೇ ಏಣಿ ಹತ್ತಬೇಕು! ಸರಾಸರಿ ಎಫ್‌ಪಿಎಸ್‌ನಲ್ಲಿ ಈ ತಡವರಿಕೆ ಕಾಣೋದಿಲ್ಲ. ಅಂದಿನಿಂದ ಯಾವುದೇ ಪರೀಕ್ಷೆ ವಿಡಿಯೊ ನೋಡಿದರೂ ಸರಾಸರಿ ಬಿಟ್ಟು ಅದರ ಕೆಳಗಿರುವ ‘1 ಪರ್ಸೆಂಟ್ ಲೋ’ ಅನ್ನೋ ಅಂಕಿಯನ್ನೇ, ಅಂದರೆ ತೀರಾ ನಿಧಾನವಾದ ಫ್ರೇಮುಗಳ ವೇಗವನ್ನೇ ನೋಡುತ್ತಿದ್ದೆ.

ಆಗಸ್ಟ್‌ನಲ್ಲಿ ಎರಡನೇ ಕಂತು ಬಂತು. ಕಾರ್ಡಿಗೆ ಅಂತ 40 ಸಾವಿರ ಎತ್ತಿಟ್ಟೆ. ದಾವಣಗೆರೆಯಿಂದ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ಕಂಪ್ಯೂಟರ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ನಡೆದೆ. ಆನ್‌ಲೈನಲ್ಲಿ ತರಿಸಬಹುದಿತ್ತು, ಆದರೆ ಇಷ್ಟು ದುಡ್ಡಿನ ವಸ್ತು ಕೈಯಲ್ಲಿ ಹಿಡಿದು ನೋಡದೆ ನನಗೆ ಸಮಾಧಾನ ಇಲ್ಲ.

ಮೊದಲ ಅಂಗಡಿಯಲ್ಲಿ 5060 ಟಿಐ ಕೇಳಿದೆ. ಹುಡುಗ ಡಬ್ಬಿ ತಂದಿಟ್ಟ. ಬೆಲೆ ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆ! ಖುಷಿಯಾಗಿ ಡಬ್ಬಿ ತಿರುಗಿಸಿದೆ. ಮೂಲೆಯಲ್ಲಿ ಸಣ್ಣದಾಗಿ 8 ಜಿಬಿ.

‘16 ಜಿಬಿಯದ್ದು ಕೇಳಿದ್ದು ನಾನು.’

‘ಎರಡೂ ಒಂದೇ ಸರ್. ಮೆಮೊರಿ ಅಷ್ಟೇ ವ್ಯತ್ಯಾಸ.’

ಅವನು ಸುಳ್ಳೇನೂ ಹೇಳಲಿಲ್ಲ. ಚಿಪ್ ಒಂದೇ, ಹೆಸರೂ ಒಂದೇ. 9060 ಎಕ್ಸ್‌ಟಿಯಲ್ಲೂ ಇದೇ ಕಥೆ, 8 ಮತ್ತು 16 ಎರಡೂ ಒಂದೇ ಹೆಸರಿನಲ್ಲಿ ಬರುತ್ತವೆ. ಒಂದೇ ಹೆಸರಿಟ್ಟು ಎರಡು ವಸ್ತು ಮಾರುವುದು ಈ ಕಂಪನಿಗಳ ಹಳೆಯ ಚಾಳಿ. ಆರ್‌ಟಿಎಕ್ಸ್ 3060 ಕೂಡ ಮೊದಲು 12 ಜಿಬಿಯಲ್ಲಿ ಬಂತು, ಆಮೇಲೆ ಅದೇ ಹೆಸರಿನಲ್ಲಿ 8 ಜಿಬಿಯದ್ದು ಬಂತು. ಅದರಲ್ಲಿ ಮೆಮೊರಿಯ ದಾರಿಯನ್ನೂ 192 ಬಿಟ್‌ನಿಂದ 128ಕ್ಕೆ ಇಳಿಸಿದ್ದರು. ಡಬ್ಬಿಯ ಮೂಲೆ ಓದದೆ ದುಡ್ಡು ಎಣಿಸಬಾರದು ಅಂತ ನನಗೆ ಅಲ್ಲೇ ಗೊತ್ತಾಯಿತು.

ಇನ್ನೊಂದು ಕಡೆ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1080 ಟಿಐ ತೋರಿಸಿದರು. 11 ಜಿಬಿ, ಬೆಲೆ ನನ್ನ ಲೆಕ್ಕದ ಅರ್ಧಕ್ಕಿಂತ ಕಡಿಮೆ. ಐದು ನಿಮಿಷ ಮನಸ್ಸು ಅಲ್ಲಾಡಿತು. ಒಂದು ಕಾಲದಲ್ಲಿ ನಾನು ಕನಸು ಕಂಡ ಕಾರ್ಡ್ ಅದು. ಆದರೆ 2017ರದ್ದು. ಅದರಲ್ಲಿ ಬೆಳಕು ನೆರಳನ್ನು ನಿಜದ ಥರ ಲೆಕ್ಕ ಹಾಕುವ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇಲ್ಲ, ಈಗಿನ ಕೆಲವು ಗೇಮುಗಳು ಅದಿಲ್ಲದೆ ಓಡೋದೇ ಇಲ್ಲ. ಮೇಲಾಗಿ 250 ವ್ಯಾಟ್ ತಿನ್ನುತ್ತದೆ. ವಾರಂಟಿ ಅಂತೂ ಮುಗಿದು ಯಾವ ಕಾಲವಾಯಿತೋ. ಕೈಮುಗಿದು ಹೊರಗೆ ಬಂದೆ.

ಕೊನೆಗೆ 9060 ಎಕ್ಸ್‌ಟಿ, 16 ಜಿಬಿ. ನಾನು ಕೇಳಿದ ಕಡೆಗಳಲ್ಲೆಲ್ಲ 16 ಜಿಬಿಯ 5060 ಟಿಐಗೆ ಇದಕ್ಕಿಂತ ಏಳೆಂಟು ಸಾವಿರ ಜಾಸ್ತಿ ಇತ್ತು. ಎನ್ವಿಡಿಯಾ ಕಡೆ ರೇ ಟ್ರೇಸಿಂಗ್ ಚೆನ್ನಾಗಿದೆ. ಡಿಎಲ್‌ಎಸ್‌ಎಸ್ ಅನ್ನೋದು ಜಾಸ್ತಿ ಗೇಮುಗಳಲ್ಲಿದೆ, ಕಡಿಮೆ ಚುಕ್ಕೆಯಲ್ಲಿ ಬಿಡಿಸಿ ದೊಡ್ಡದು ಮಾಡಿ ತೋರಿಸುವ ಕೈಚಳಕ ಅದು. ಅದೇ ಕೆಲಸ ಮಾಡುವ ಎಎಂಡಿಯವರ ಎಫ್‌ಎಸ್‌ಆರ್ 4 ಕೂಡ ಚೆನ್ನಾಗೇ ಇದೆ, ಆದರೆ ಆಗ ಅಷ್ಟು ಗೇಮುಗಳಲ್ಲಿ ಇರಲಿಲ್ಲ. ನಾನು ಬ್ಲೆಂಡರ್‌ನಂಥ ಸಾಫ್ಟ್‌ವೇರಿನಲ್ಲಿ 3ಡಿ ಚಿತ್ರ ಮಾಡುವವನಾಗಿದ್ದರೆ ಸುಮ್ನೆ ಏಳೆಂಟು ಸಾವಿರ ಜಾಸ್ತಿ ಕೊಟ್ಟು ಎನ್ವಿಡಿಯಾ ತರುತ್ತಿದ್ದೆ. ನಾನು ಆಡೋದು ವ್ಯಾಲೊರಂಟ್, ಆಗಾಗ ಸೈಬರ್‌ಪಂಕ್ 2077. ನನಗೆ ಇದು ಸಾಕು.

ಎರಡು ಫ್ಯಾನಿನದ್ದೇ ತಗೊಂಡೆ. ಮೂರು ಫ್ಯಾನಿನದ್ದು ನೋಡೋಕೆ ಭರ್ಜರಿ, ಆದರೆ 300 ಮಿಲಿಮೀಟರ್ ಹತ್ತಿರ ಉದ್ದ. ಹೊರಡುವ ಹಿಂದಿನ ರಾತ್ರಿ ಅಮ್ಮನ ಟೇಲರಿಂಗ್ ಟೇಪ್ ಹಿಡಿದು ಕ್ಯಾಬಿನೆಟ್ ಅಳೆದಿದ್ದೆ. ಕ್ಯಾಬಿನೆಟ್ ಡಬ್ಬಿ ಮೇಲೆ 310 ಮಿಲಿಮೀಟರ್ ಅಂತಿತ್ತು, ಮುಂದಿನ ಫ್ಯಾನುಗಳು ತಿಂದು ಉಳಿದದ್ದು 283. ಕರೆಂಟಿನ ಲೆಕ್ಕ ಸುಲಭವಿತ್ತು. ಕಾರ್ಡಿಗೆ 160 ವ್ಯಾಟ್. ಮದರ್‌ಬೋರ್ಡಿನ ಸ್ಲಾಟಿನಿಂದ 75, ಒಂದು 8 ಪಿನ್ ವಯರಿನಿಂದ 150 ಬರುತ್ತದೆ. ಪಿಸಿಗೆಲ್ಲ ಕರೆಂಟ್ ಹಂಚುವ ನನ್ನ ಎಸ್‌ಎಂಪಿಎಸ್ 650 ವ್ಯಾಟಿನದ್ದು. ಒಂದು ಮಾತು, ಎಸ್‌ಎಂಪಿಎಸ್‌ನಲ್ಲಿ ಪ್ರೊಸೆಸರಿಗೂ ಒಂದು 8 ಪಿನ್ ವಯರ್ ಇರುತ್ತದೆ. ಅದು ನಾಲ್ಕು ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ, ಕಾರ್ಡಿನದ್ದು ಆರು ಮತ್ತು ಎರಡಾಗಿ. ಕಾರ್ಡಿಗೆ ಹೋಗುತ್ತಿಲ್ಲ ಅಂದರೆ ಒತ್ತಬೇಡಿ, ವಯರ್ ನೋಡಿ.

ಮನೆಗೆ ಬಂದು ಹಾಕಿ, ಡ್ರೈವರ್ ಇನ್‌ಸ್ಟಾಲ್ ಮಾಡಿ, ಸೈಬರ್‌ಪಂಕ್ ತೆರೆದೆ. ಸ್ಲೈಡ್ ಶೋ. ಕಾರ್ಡ್ ಇಲ್ಲದಾಗ ಹೇಗಿತ್ತೋ ಹಾಗೇ ಕುಂಟುತ್ತಿತ್ತು. ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಡ್ರೈವರ್ ತೆಗೆದು ಮತ್ತೆ ಹಾಕಿದೆ. ಕಾರ್ಡ್ ಬಿಚ್ಚಿ ಮತ್ತೆ ಕೂರಿಸಿದೆ. ಬಿಲ್ ಹುಡುಕಿ ಅಂಗಡಿಯ ನಂಬರ್ ಒತ್ತಿದ್ದೂ ಆಯಿತು, ರಿಂಗ್ ಆಗುವಾಗ ಕ್ಯಾಬಿನೆಟ್ ಹಿಂದೆ ಬಗ್ಗಿ ನೋಡಿದೆ. ನಾಲ್ಕು ತಿಂಗಳಿಂದ ಮದರ್‌ಬೋರ್ಡಿಗೆ ಚುಚ್ಚಿದ್ದ ಮಾನಿಟರ್ ವಯರ್ ಅಲ್ಲೇ ಇತ್ತು! ಫೋನ್ ಕಟ್ ಮಾಡಿ, ವಯರನ್ನು ಕಾರ್ಡಿಗೆ ಬದಲಾಯಿಸಿದೆ. ಹೈ ಸೆಟ್ಟಿಂಗ್ಸ್‌ನಲ್ಲಿ 70ರ ಮೇಲೆ ಓಡತೊಡಗಿತು. ವಿಂಡೋಸ್ ಪರದೆಯನ್ನು 60 ಹರ್ಟ್ಜ್‌ನಲ್ಲೇ ಇಟ್ಟಿದೆ ಅಂತ ಗೊತ್ತಾಗಲು ಇನ್ನೂ ಒಂದು ವಾರ ಬೇಕಾಯಿತು, ಅದು ಬೇರೆ ಮಾತು.

ಲೆಕ್ಕ ತಪ್ಪಿದ್ದು ಯುಪಿಎಸ್‌ನಲ್ಲಿ. ಮನೆಯಲ್ಲಿದ್ದದ್ದು 600 ವಿಎಯದ್ದು. ಅದು ಕೊಡೋದು 360 ವ್ಯಾಟ್ ಅಂತ ಹಿಂದಿನ ಸ್ಟಿಕರ್‌ನಲ್ಲಿ ಬರೆದಿತ್ತು, ನಾನು ಓದಿರಲಿಲ್ಲ. ಒಂದು ಸಂಜೆ ಗೇಮ್ ಮಧ್ಯೆ ಕರೆಂಟ್ ಹೋಯಿತು, ಅದು ಒಮ್ಮೆ ಕಿರುಚಿ ಎಲ್ಲವನ್ನೂ ಆರಿಸಿಬಿಟ್ಟಿತು. ಕಾರ್ಡ್, ಪ್ರೊಸೆಸರ್, ಮಾನಿಟರ್, ರೌಟರ್ ಎಲ್ಲ ಸೇರಿ ಮಿತಿ ದಾಟಿತ್ತು. 1000 ವಿಎಯದ್ದು ತರಬೇಕಾಯಿತು. 40 ಸಾವಿರದ ಬಜೆಟ್ ಅಲ್ಲಿಗೆ ಹರಿಯಿತು.

ಹೊಸದು ಬಂದ ಮೇಲೆ ಮತ್ತೆ ಕರೆಂಟ್ ಹೋದ ದಿನ ಅಮ್ಮ ಬಾಗಿಲಲ್ಲಿ ಬಂದು ನಿಂತರು. ‘ಮನೆಯೆಲ್ಲ ಕತ್ತಲೆ, ನಿನ್ನೊಬ್ಬನಿಗೆ ಮಾತ್ರ ಕರೆಂಟಾ?’ ಈಗ ಆ ಯುಪಿಎಸ್‌ನ ಒಂದು ಸಾಕೆಟ್‌ನಲ್ಲಿ ಅಮ್ಮನ ಟೇಬಲ್ ಫ್ಯಾನ್ ಇದೆ. ಕರೆಂಟ್ ಹೋದ ತಕ್ಷಣ ನಾನು ಗೇಮ್ ಮುಚ್ಚಬೇಕು, ಫ್ಯಾನ್ ತಿರುಗುತ್ತಿರಬೇಕು. ಹಾಗಂತ ಒಪ್ಪಂದ.